ಟೇಪಿನ ಕೊನೆಯ ನಾಲ್ಕು ನಿಮಿಷ

ಕುಟ್ಟಮ್ಮ ಅನ್ನುವುದು ಅವಳ ನಿಜವಾದ ಹೆಸರಲ್ಲ. ಚಿಕ್ಕವಳಿದ್ದಾಗಿನಿಂದ ಕೂತಲ್ಲಿ ನಿಂತಲ್ಲಿ ಏನನ್ನಾದರೂ ಕುಟ್ಟುತ್ತಲೇ ಇರುತ್ತಿದ್ದಳು: ಮೇಜು, ತಟ್ಟೆ, ಕಿಟಕಿಯ ಸರಳು, ಪಕ್ಕದಲ್ಲಿ ಮಲಗಿದವರ ಬೆನ್ನು. ಆ ಬೆನ್ನು ಬಹುಪಾಲು ಅಕ್ಕನದೇ ಆಗಿದ್ದರಿಂದ ಹೆಸರಿಟ್ಟವಳೂ ಅಕ್ಕನೇ. ಈಗ ಕುಟ್ಟಮ್ಮನಿಗೆ ಐವತ್ತನಾಲ್ಕು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಬೆಳಿಗ್ಗೆ ಎಂಟಕ್ಕೆ ನಿಂತರೆ ಕೂರುವುದು ಸಂಜೆ ಆರಕ್ಕೆ. ಮೊದಲು ಕಾಲರ್, ಆಮೇಲೆ ಭುಜ, ಆಮೇಲೆ ತೋಳಿನ ಪಟ್ಟಿ, ಕೊನೆಗೆ ಬೆನ್ನು. ಊರಿನ ಗಂಡಸರನ್ನೆಲ್ಲ ಅವಳು ಮುಖದಿಂದಲ್ಲ, ಕಾಲರಿನ ಕೊಳೆಯಿಂದ ಗುರುತು ಹಿಡಿಯುತ್ತಾಳೆ. ಕಾಲಿನ ನರಗಳು ಗಂಟು ಗಂಟಾಗಿ ಊದಿಕೊಂಡಿವೆ ಅಂತ ಡಾಕ್ಟರು ಬಿಗಿ ಕಾಲುಚೀಲ ಹಾಕಿಸಿದ್ದಾರೆ. ಸುಸ್ತಾಗಿದೆ ಅಂತ ಅವಳು ಯಾರ ಹತ್ತಿರವೂ ಹೇಳುವುದಿಲ್ಲ. ಹೇಳಿದರೆ ಕೇಳಿದವರು ನಾಲ್ಕು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡಬೇಕು, ಅದೂ ಒಂದು ಕೆಲಸ.

ಅಂಥವಳು ಒಂದು ಮಂಗಳವಾರ ಮಧ್ಯಾಹ್ನ ಬಿಳೀ ಶರ್ಟೊಂದರ ಕಾಲರ್ ಸುಟ್ಟುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಆಗಿದ್ದು ಇಷ್ಟು. ಪರದೆ ಬಟ್ಟೆ ಒಯ್ಯಲು ಬಂದಿದ್ದ ಒಬ್ಬ ಹೆಂಗಸು ಕೌಂಟರಿನ ಮುಂದಿನ ಬೆಂಚಿನಲ್ಲಿ ಕಾಯುತ್ತಿದ್ದರು. ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ರಿಟೈರಾದವರು. ಲಾಂಡ್ರಿಯಲ್ಲಿ ಎಲ್ಲರೂ ಸ್ಟೆನೋ ಮೇಡಂ ಅಂತಲೇ ಕರೆಯುವುದು. ಕಾದು ಕಾದು ಬೇಜಾರಾಗಿ ಅವರು ಬೆರಳ ಗೆಣ್ಣಿನಲ್ಲಿ ಬೆಂಚು ಕುಟ್ಟುತ್ತಾ ಏನೋ ಗುನುಗತೊಡಗಿದರು: ‘ಇನ್ನೊಂದೇ ಒಂದು ಮೆಟ್ಟಿಲು, ಅಕ್ಕಾ, ಇನ್ನೊಂದೇ ಒಂದು...’ ಕುಟ್ಟಮ್ಮ ಆ ಕಡೆ ತಿರುಗಿದಳು. ಇಸ್ತ್ರಿ ಪೆಟ್ಟಿಗೆ ಇಟ್ಟಲ್ಲೇ ಇತ್ತು, ಕೈಯೂ ಅದರ ಮೇಲೇ ಇತ್ತು. ಹೊಗೆ ಬಂದ ಮೇಲೆಯೇ ಎತ್ತಿದ್ದು.

“ಮೇಡಂ, ಆ ಹಾಡು... ಎಲ್ಲಿ ಕೇಳಿದ್ರಿ?”

“ಯಾವ್ದು? ಅಯ್ಯೋ, ಇದಾ! ಬಾಯಿಗೆ ಹತ್ತಿಬಿಟ್ಟಿದೆ ಕಣಮ್ಮ, ಬಿಡಲ್ಲ. ಇದು ನಮ್ಮ ಶಾರ್ಟ್‌ಹ್ಯಾಂಡ್ ಹಾಡು.” ಸ್ಟೆನೋ ಮೇಡಂ ನಕ್ಕರು. “ಆ ಕಾಲದಲ್ಲಿ ಡಿಕ್ಟೇಷನ್ ಕ್ಯಾಸೆಟ್ ಸಿಗ್ತಿತ್ತು. ಗಂಟಲು ಕಟ್ಟಿದ ಗಂಡಸೊಬ್ಬ ‘ಮಾನ್ಯರೇ, ತಮ್ಮ ಪತ್ರ ತಲುಪಿದೆ’ ಅಂತ ಶುರು ಮಾಡಿದ್ರೆ ನಿಮಿಷಕ್ಕೆ ಎಂಬತ್ತು ಪದ, ಉಸಿರು ಬಿಡೋ ಹಾಗಿಲ್ಲ. ಮುಗಿಯೋ ಹೊತ್ತಿಗೆ ಟೇಪ್ ನಿಲ್ಲಿಸೋಕೂ ಕೈಯಲ್ಲಿ ತ್ರಾಣ ಇರ್ತಿರಲಿಲ್ಲ. ಹಾಗೇ ಬಿಟ್ರೆ ನೋಡಿ, ಧಡಾರ್ ಅಂತ ಈ ಹಾಡು! ನಾಲ್ಕೇ ನಿಮಿಷ. ಕ್ಲಾಸಿನ ಹುಡುಗೀರೆಲ್ಲ ಬೆಂಚು ಸರಿಸಿ ಕುಣೀತಿದ್ವಿ. ಯಾರು ಹಾಡಿದ್ದು, ಅಲ್ಲಿಗೆ ಹೇಗೆ ಬಂತು, ದೇವರಾಣೆ ಯಾರಿಗೂ ಗೊತ್ತಿಲ್ಲ. ಹಾಡಿನ ಶುರು ಹೇಗಿದೆ ಅನ್ನೋದೂ ಗೊತ್ತಿಲ್ಲ. ಈಗಲೂ ನಾವು ಹಳಬರು ಸೇರಿದ್ರೆ ಅದೇ ಮಾತು, ಶುರು ಏನಿರಬಹುದು ಅಂತ.”

‘ಅದು ನನ್ನ ಹಾಡು’ ಅಂತ ಹೇಳಬೇಕಿತ್ತು. ಕುಟ್ಟಮ್ಮ ಹೇಳಿದ್ದು, “ಪರದೆ ನಾಳೆ ಸಿಗುತ್ತೆ ಮೇಡಂ.” ಸುಟ್ಟ ಕಾಲರಿನ ಲೆಕ್ಕ ಯಜಮಾನನಿಗೆ ಒಪ್ಪಿಸುವುದು ಬೇರೆ ಬಾಕಿಯಿತ್ತು.

ಕ್ಯಾಸೆಟ್ಟಿನ ಕಥೆ ಹೇಳಲೇಬೇಕು. ಇಪ್ಪತ್ತೆಂಟು ವರ್ಷದ ಹಿಂದೆ ಕುಟ್ಟಮ್ಮ ಕ್ಯಾಸೆಟ್ ಕಾಪಿ ಮಾಡುವ ಅಂಗಡಿಯಲ್ಲಿದ್ದಳು. ಉದ್ದನೆಯ ಕೋಣೆ, ಗೋಡೆಗೆ ಒಂಬತ್ತು ಟೇಪ್ ಡೆಕ್ಕು, ಒಂದರಿಂದ ಎಂಟಕ್ಕೆ ಹಾಡು ಇಳಿಸುವುದು, ಲೇಬಲ್ ಅಂಟಿಸುವುದು, ಮೇಲೆ ತೆಳು ಪ್ಲಾಸ್ಟಿಕ್ ಕಾಗದ ಸುತ್ತುವುದು. ದಿನಕ್ಕೆ ಹತ್ತು ಗಂಟೆ ಊರವರ ಹಾಡು ಕೇಳಿ ಕೇಳಿ ಕಿವಿ ತೂತು ಬೀಳುವಂತಾಗಿತ್ತು. ಎಲ್ಲಿಂದಲೋ ಬಂದ ಒಂದು ಕ್ಯಾಸೆಟ್ಟಿನಲ್ಲಿ ಅವಳಿಗೆ ಫಂಕ್ ಅನ್ನುವ ಅಮೆರಿಕದ ಕುಣಿತದ ಸಂಗೀತ ಸಿಕ್ಕಿತು. ಫಂಕ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಅವಳು ಬಾಯಲ್ಲಿ ಹೇಳುತ್ತಿರಲಿಲ್ಲ, ಮೇಜಿನ ಮೇಲೆ ಕುಟ್ಟಿ ತೋರಿಸುತ್ತಿದ್ದಳು: ನಾಲ್ಕು ಎಣಿಕೆ. ಒಂದು ಅಂದಾಗ ಎಲ್ಲರೂ ಒಟ್ಟಿಗೆ ಬೀಳಬೇಕು. ಮಿಕ್ಕ ಮೂರರಲ್ಲಿ ಸೊಂಟ ಎತ್ತ ಬೇಕಾದರೂ ಹೋಗಲಿ, ಯಾರೂ ಕೇಳುವುದಿಲ್ಲ. ಆದರೆ ಒಂದಕ್ಕೆ ಮಾತ್ರ ಮನೆಗೆ ವಾಪಸ್ ಬರಬೇಕು.

ಸರಿ, ಹುಚ್ಚು ಹತ್ತಿತು. ಮೂರೇ ತಂತಿ ಉಳಿದಿದ್ದ ಹಳೇ ಬೇಸ್ ಗಿಟಾರು ಎಲ್ಲಿಂದಲೋ ತಂದಳು. ಭಾನುವಾರ ಅಂಗಡಿಗೆ ರಜ, ಬೀಗದ ಕೈ ಅವಳ ಹತ್ತಿರ. ಒಂದು ಡೆಕ್ಕಿನಲ್ಲಿ ಬೇಸ್ ಇಳಿಸುವುದು. ಅದನ್ನು ಹಾಕಿಕೊಂಡು ಜೊತೆಗೆ ಸೂಟ್‌ಕೇಸ್ ಬಡಿದು ಎರಡನೇ ಡೆಕ್ಕಿಗೆ ಇಳಿಸುವುದು. ಅದರ ಮೇಲೆ ಕೀಬೋರ್ಡು, ಅದರ ಮೇಲೆ ದನಿ. ಒಂದೊಂದು ಸಲ ಇಳಿಸಿದಾಗಲೂ ಹಿಂದೆ ಸುಯ್ ಅನ್ನುವ ಸದ್ದು ಏರುತ್ತಿತ್ತು. ಏರಲಿ ಬಿಡಿ ಅಂದಳು. ಬರೆದವಳು, ನುಡಿಸಿದವಳು, ಹಾಡಿದವಳು, ಕೂಡಿಸಿದವಳು ಎಲ್ಲ ಒಬ್ಬಳೇ. ಅಂಗಡಿಯ ಪುಟ್ಟ ರೆಕಾರ್ಡರನ್ನು ಚೀಲದಲ್ಲಿಟ್ಟುಕೊಂಡು ಬಾಗಿಲ ಕಿರುಗುಟ್ಟು, ನಲ್ಲಿ ತೊಟ್ಟಿಕ್ಕುವುದು, ಕಂಡಕಂಡ ಸದ್ದನ್ನೆಲ್ಲ ಹಿಡಿದು ತಂದು ಹಾಡಿನ ಸಂದಿಯಲ್ಲಿ ತುರುಕಿದಳು. ಹತ್ತು ತಿಂಗಳು ಹಿಡಿಯಿತು.

ಆಲ್ಬಮ್ಮಿಗೆ ‘ಸೊಂಟ’ ಅಂತ ಹೆಸರಿಟ್ಟಳು. ಯಾಕೆ ಅಂದರೆ ಆ ವರ್ಷ ಮನೆಯಲ್ಲಿ ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ವಾರಕ್ಕೆರಡು ಸಲ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಆಸ್ಪತ್ರೆಗೆ ಇಳಿಸಬೇಕು, ಮತ್ತೆ ಹತ್ತಿಸಬೇಕು. ಅಕ್ಕ ಮೇಲೆ, ಕುರ್ಚಿಯ ಬೆನ್ನು ಹಿಡಿದು. ಇವಳು ಕೆಳಗೆ, ಕುರ್ಚಿಯ ಕಾಲು ಹಿಡಿದು. ಐವತ್ತಾರು ಮೆಟ್ಟಿಲು. ಅಕ್ಕ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಮಾತ್ರೆ ಎಣಿಸಿ ಬಂದು ಮನೆಯಲ್ಲೂ ಏನನ್ನಾದರೂ ಬಾಯಿಬಿಟ್ಟು ಎಣಿಸುತ್ತಲೇ ಇರುವಳು. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಅಂತ ಕೇಳುವವರು ಒಂದು ವಾರ ಬಂದು ಆ ಕುರ್ಚಿ ಹೊತ್ತು ಆಮೇಲೆ ಕೇಳಲಿ.

ಮುನ್ನೂರು ಕ್ಯಾಸೆಟ್ ಮಾಡಿದಳು. ಯಜಮಾನರು ಖಾಲಿ ಕ್ಯಾಸೆಟ್ ಕೊಟ್ಟದ್ದು ಅಂಗಡಿಯ ಪದ್ಧತಿಯಂತೆ: ಹೋಗದೇ ಉಳಿದದ್ದೆಲ್ಲ ಅಂಗಡಿಗೆ ವಾಪಸ್, ಅದರ ಮೇಲೆ ಬೇರೆ ಏನಾದರೂ ಇಳಿಸಿ ಮಾರುವುದು. ಮೂರು ತಿಂಗಳಾದ ಮೇಲೆ ಮೂಲ ಟೇಪಿಗೂ ಅದೇ ಗತಿ. ಇವಳು ಹೂಂ ಅಂದಿದ್ದಳು. ವಾಪಸ್ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು?

ಬಂದವು. ಕ್ಯಾಸೆಟ್ ಮಾರುವ ಅಂಗಡಿಯವರಿಗೆ ಅದನ್ನು ಯಾವ ಸಾಲಿನಲ್ಲಿಡಬೇಕೋ ಗೊತ್ತಾಗಲಿಲ್ಲ. ಒಬ್ಬ ಪುಣ್ಯಾತ್ಮ ಹೆಸರು ನೋಡಿ ವ್ಯಾಯಾಮದ ಕ್ಯಾಸೆಟ್ಟುಗಳ ಜೊತೆ ಇಟ್ಟಿದ್ದ. ರೇಡಿಯೋದವನೊಬ್ಬ ಎರಡು ಹಾಡು ಕೇಳಿ, “ತಾಳ ಚೆನ್ನಾಗಿದೆ ಕಣಮ್ಮ, ಆದರೆ ಹೆಂಗಸು ಸುಸ್ತಾಗಿದೆ ಅಂತ ಹಾಡಿದ್ರೆ ಯಾರು ಕೇಳ್ತಾರೆ?” ಅಂದ. ಹದಿನೇಳು ಕ್ಯಾಸೆಟ್ ಹೋದವು, ಅಷ್ಟೇ. ಆಮೇಲೆ ಶಾರ್ಟ್‌ಹ್ಯಾಂಡ್ ಪರೀಕ್ಷೆಯ ಕಾಲ ಬಂತು, ಡಿಕ್ಟೇಷನ್ ಕ್ಯಾಸೆಟ್ಟಿಗೆ ದೊಡ್ಡ ಆರ್ಡರ್ ಬಂತು, ಖಾಲಿ ಕ್ಯಾಸೆಟ್ ಒಂದೂ ಇರಲಿಲ್ಲ. ಯಜಮಾನರು ಬೇರೆಯವರ ಕೈಯಲ್ಲಿ ಮಾಡಿಸುತ್ತೇನೆ ಅಂದರು. ಬೇಡ, ನಾನೇ ಮಾಡ್ತೀನಿ ಅಂದಳು ಇವಳು. ತನ್ನ ಕೈಯಾರೆ ಎಂಟೆಂಟಾಗಿ ಡೆಕ್ಕಿಗೆ ಹಾಕಿ, ತನ್ನ ಕೈಯಾರೆ ಗುಂಡಿ ಒತ್ತಿ, ತನ್ನ ಹಾಡಿನ ಮೇಲೆ ‘ಮಾನ್ಯರೇ, ತಮ್ಮ ಪತ್ರ ತಲುಪಿದೆ’ ಇಳಿಸಿದಳು. ಹಳೇ ಲೇಬಲ್ ಕೀಳುವ ವ್ಯವಧಾನವಿಲ್ಲ, ಅದರ ಮೇಲೆಯೇ ಹೊಸದು ಅಂಟಿಸಿದಳು. ಪಾಠ ಇಪ್ಪತ್ತಾರು ನಿಮಿಷ, ಟೇಪು ಮೂವತ್ತು ನಿಮಿಷ. ಮಿಕ್ಕ ನಾಲ್ಕು ನಿಮಿಷವನ್ನು ಅಳಿಸಬೇಕು. ಆ ಕಸುಬಿನ ಮೊದಲ ಪಾಠವೇ ಅದು. ಅವಳು ಅಳಿಸಲಿಲ್ಲ. ಮರೆತೆ ಅಂತಲೇ ಇವತ್ತಿಗೂ ಹೇಳುತ್ತಾಳೆ. ಬೆಳಿಗ್ಗೆ ಅಮ್ಮನನ್ನು ಐವತ್ತಾರು ಮೆಟ್ಟಿಲು ಹೊತ್ತಿಳಿಸಿ ಬಂದವಳು ಮರೆತಿದ್ದರೂ ಮರೆತಿರಬಹುದು, ನಾನು ನಂಬುತ್ತೇನೆ.

ಆಮೇಲೆ ಅಮ್ಮ ಹೋದರು, ಅಂಗಡಿ ಮುಚ್ಚಿತು, ಬೇಸ್ ಗಿಟಾರು ಗುಜರಿಗೆ ಹೋಯಿತು. ಕುಟ್ಟಮ್ಮ ಲಾಂಡ್ರಿಗೆ ಸೇರಿದಳು.

ಮರುದಿನ ಸ್ಟೆನೋ ಮೇಡಂ ಪರದೆಗೆ ಬಂದಾಗ ತಮ್ಮ ಹಳೇ ಡಿಕ್ಟೇಷನ್ ಕ್ಯಾಸೆಟ್ಟನ್ನು ಕೈಚೀಲದಲ್ಲಿಟ್ಟು ತಂದಿದ್ದರು. “ನೀವು ನಿನ್ನೆ ಕೇಳಿದ ರೀತಿ ನನಗ್ಯಾಕೋ ಸರಿ ಕಾಣಲಿಲ್ಲಮ್ಮ. ಕೋರ್ಟಿನಲ್ಲಿ ಇಪ್ಪತ್ತೈದು ವರ್ಷ ಜನರ ಮುಖ ನೋಡಿದೀನಿ. ನಿಮಗೇನೋ ಗೊತ್ತಿದೆ.”

ಕುಟ್ಟಮ್ಮ ಅದನ್ನು ಕೈಗೆ ತೆಗೆದುಕೊಂಡಳು. ಇಸ್ತ್ರಿ ಪೆಟ್ಟಿಗೆಯ ಹಬೆ ಬಿಟ್ಟು ಕ್ಯಾಸೆಟ್ಟನ್ನು ಅದರ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದಳು. ಅಂಟು ನೆನೆದು ಲೇಬಲ್ಲಿನ ಮೂಲೆ ಎದ್ದಿತು. ಉಗುರಿನಿಂದ ಮೆಲ್ಲಗೆ ಎಳೆದಳು. ‘ಡಿಕ್ಟೇಷನ್, ನಿಮಿಷಕ್ಕೆ ಎಂಬತ್ತು ಪದ’ ಸುಲಿದು ಬಂತು. ಕೆಳಗೆ ‘ಸೊಂಟ’ ಅಂತಿತ್ತು. ಅದರಡಿ, ಬರೆದು ನುಡಿಸಿ ಹಾಡಿದವರು ಅಂತ ಅವಳ ನಿಜವಾದ ಹೆಸರಿತ್ತು. ಆ ಹೆಸರನ್ನು ಸ್ಟೆನೋ ಮೇಡಂ ಒಮ್ಮೆ, ಕುಟ್ಟಮ್ಮನ ಎದೆಯ ಮೇಲೆ ಅದೇ ಹೆಸರಿದ್ದ ಲಾಂಡ್ರಿಯ ಬಿಲ್ಲೆಯನ್ನು ಒಮ್ಮೆ ನೋಡಿದರು.

“ಅಯ್ಯೋ ನಿನ್ನ! ನೀವೇನಾ?” ಮೇಡಂಗೆ ಕಣ್ಣಲ್ಲಿ ನೀರೇ ಬಂತು. “ನಿಮ್ಮ ನಾಲ್ಕು ನಿಮಿಷ ಇಲ್ಲದಿದ್ರೆ ನಾನು ಆ ಪರೀಕ್ಷೆ ಬಿಟ್ಟು ಓಡಿಹೋಗ್ತಿದ್ದೆ ಗೊತ್ತಾ? ಹೇಳಿ, ಈಗಲೇ ಹೇಳಿ, ಶುರು ಹೇಗಿದೆ?”

ಕುಟ್ಟಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಕೌಂಟರಿನ ಮೇಲೆ ಕುಟ್ಟಿ ನೋಡಿದಳು. ಬೆರಳು ನೇರವಾಗಿ ಹಾಡಿನ ಕೊನೆಗೇ ಹೋಗಿ ನಿಲ್ಲುತ್ತಿತ್ತು. ಮೂರು ನಿಮಿಷದ ಶುರು, ತಾನೇ ಕಟ್ಟಿದ್ದು, ತಲೆಯಲ್ಲಿ ಒಂದಕ್ಷರ ಉಳಿದಿರಲಿಲ್ಲ. “ಮರೆತುಹೋಗಿದೆ ಮೇಡಂ,” ಅಂದಳು. ಲೋಕ ಕೇಳಲಿಲ್ಲ ಅನ್ನುವ ನೋವು ಅವಳಿಗೆ ಹಳೆಯದು, ಅದರ ಜೊತೆ ಹೊಂದಿಕೊಂಡಿದ್ದಳು. ತನ್ನ ಹತ್ತಿರವೂ ಇಲ್ಲ ಅನ್ನುವುದು ಹೊಸದು, ಅದನ್ನು ತಡೆಯಲಾಗಲಿಲ್ಲ.

“ಒಂದಾದ್ರೂ ಪೂರ್ತಿ ಕ್ಯಾಸೆಟ್ ಎಲ್ಲಾದ್ರೂ ಇರಬೇಕಲ್ಲ?” ಅಂದರು ಮೇಡಂ.

ಮಾರಾಟವಾದ ಹದಿನೇಳು ಎಲ್ಲಿವೆಯೋ ಯಾರಿಗೆ ಗೊತ್ತು, ಅವಳಿಗೆ ಗೊತ್ತಿದ್ದದ್ದು ಇನ್ನೊಂದೇ. ಮೊಟ್ಟಮೊದಲು ತಯಾರಾದ ಕ್ಯಾಸೆಟ್ಟನ್ನು ಅವಳು ಅಕ್ಕನಿಗೆ ಕೊಟ್ಟಿದ್ದಳು. ಅಕ್ಕ ಅಮ್ಮನ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು, ತಿರುಗಿಯೂ ನೋಡದೆ “ಅಲ್ಲಿಡು” ಅಂದಳು. ಅಷ್ಟೇ. ಆಮೇಲೆ ಆ ಮಾತೇ ಇಲ್ಲ. ಹೇಗಿದೆ ಅಂತ ಕೇಳುವುದಕ್ಕೆ ಇವಳ ಸ್ವಾಭಿಮಾನ ಬಿಡಲಿಲ್ಲ. ಒಂದು ತಿಂಗಳು ಕಾದು, ಎಸೆದಿರಬೇಕು ಅಂತ ತೀರ್ಮಾನ ಮಾಡಿಕೊಂಡಳು. ಒಂದೇ ಮನೆಯಲ್ಲಿ ಇಪ್ಪತ್ತೆಂಟು ವರ್ಷ, ಒಂದೇ ಪಾತ್ರೆಯಲ್ಲಿ ಮಾಡಿದ ಅಡುಗೆ ತಿಂದುಕೊಂಡು, ಆ ಒಂದು ವಿಷಯದಲ್ಲಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಎಂಥ ಹಟಮಾರಿಗಳು ಅಂತೀರಿ!

ಮೂರು ದಿನ ಕುಟ್ಟಮ್ಮ ಮನೆಯಲ್ಲಿ ಕುಟ್ಟಿದಳು. ಊಟದ ಮೇಜು, ಬಾಗಿಲ ಚೌಕಟ್ಟು, ಬಕೆಟ್ಟು. ಅಕ್ಕ ಈಗ ಅರವತ್ತೆರಡರ ಮುದುಕಿ, ಮಂಡಿನೋವಿನಿಂದ ಮಹಡಿ ಇಳಿಯುವುದನ್ನೇ ಬಿಟ್ಟವಳು, ಸಂಜೆಯ ಮಾತ್ರೆಗಳನ್ನು ಅಂಗೈಯಲ್ಲಿ ಎಣಿಸುತ್ತಾ ಮೂರನೇ ದಿನ ಸಿಡುಕಿದಳು.

“ಒಂದು, ಎರಡು... ನೋಡು, ಎಣಿಕೆ ತಪ್ಪಿತು. ಏನೇ ಅದು ತಲೆನೋವು? ಈ ವಯಸ್ಸಿನಲ್ಲಿ ಮತ್ತೆ ಶುರು ಮಾಡಿದೀಯಾ?”

“ಶುರುವೇ ಗೊತ್ತಾಗ್ತಿಲ್ಲ ಅಕ್ಕ,” ಅಂದಳು ಕುಟ್ಟಮ್ಮ, ಮೇಜಿನ ಮೇಲೆ ತಲೆ ಊರಿ. “ನನ್ನದೊಂದು ಹಾಡಿತ್ತು. ಮೆಟ್ಟಿಲಿನದು. ಅದರ ಮೊದಲು ನೆನಪಾಗ್ತಿಲ್ಲ. ಯಾರ ಹತ್ತಿರವೂ ಇಲ್ಲ. ನನಗೆ ಸಾಕಾಗಿದೆ.”

ಅಕ್ಕ ಮಾತ್ರೆಗಳನ್ನು ತಟ್ಟೆಗೆ ಸುರಿದು ಎದ್ದಳು. ಮಂಡಿ ಹಿಡಿದುಕೊಂಡು ಅಯ್ಯೋ ಅಪ್ಪಾ ಅನ್ನುತ್ತಾ ಬಗ್ಗಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆದಳು. ಅಮ್ಮನ ಆಸ್ಪತ್ರೆ ಕಾಗದ, ಅಮ್ಮನ ಕನ್ನಡಕ, ಅಮ್ಮನ ಮುರಿದ ಸೊಂಟದ ಎಕ್ಸ್‌ರೇ. ಎಕ್ಸ್‌ರೇ ಕೆಳಗಿನಿಂದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟಳು. ಸುತ್ತಿದ್ದ ಪ್ಲಾಸ್ಟಿಕ್ ಕಾಗದ ಹಾಗೇ ಇತ್ತು. ಕುಟ್ಟಮ್ಮ ತನ್ನ ಕೈಯಾರೆ ಮಡಿಸಿ ಅಂಟಿಸಿದ ಮಡಿಕೆ, ಒಂದು ಚೂರೂ ಹರಿದಿರಲಿಲ್ಲ.

ಕುಟ್ಟಮ್ಮನಿಗೆ ಖುಷಿಯಾಗಬೇಕಿತ್ತು. ಆದದ್ದು ಮೈಯೆಲ್ಲ ಉರಿ.

“ಒಂದ್ಸಲಾನೂ? ಒಂದೇ ಒಂದ್ಸಲಾನೂ ಕೇಳಲಿಲ್ವಾ ನೀನು? ಯಾರೂ ಕೇಳದಿದ್ರೂ ಪರವಾಗಿಲ್ಲ, ಅಕ್ಕ ಕೇಳ್ತಾಳೆ ಅಂತ ಮೊದಲು ನಿನ್ನ ಕೈಗೆ ಕೊಟ್ನಲ್ಲೇ! ಎಸೆದಿದ್ರೂ ಸಹಿಸ್ತಿದ್ದೆ. ಇಟ್ಕೊಂಡು ಕೇಳದೇ ಇದ್ದೀಯಲ್ಲ!”

“ಕೂಗಬೇಡ,” ಅಂದಳು ಅಕ್ಕ. “ಕೆಟ್ಟದಾಗಿದ್ರೆ ನಿನ್ನ ಮುಖ ನೋಡಿ ಸುಳ್ಳು ಹೇಳಬೇಕಿತ್ತು. ಚೆನ್ನಾಗಿದ್ರೆ ನಿನ್ನನ್ನ ಕಳಿಸಿಕೊಡಬೇಕಿತ್ತು. ಎಲ್ಲಾದ್ರೂ ಹೋಗಿ ಹಾಡಿಕೋ ಅಂತ. ಆ ಕುರ್ಚಿನ ನಾನೊಬ್ಬಳೇ ಹೇಗೆ ಹೊರಲಿ, ಹೇಳು? ದಿನಾ ಕೈಗೆತ್ಕೋತಿದ್ದೆ, ದಿನಾ ವಾಪಸ್ ಇಡ್ತಿದ್ದೆ. ಅಮ್ಮ ಹೋದ ಮೇಲೆ ತೆರೆಯೋಕೆ ನಾಚಿಕೆ ಆಯ್ತು. ನಿನ್ನ ಬದುಕು ನಾನೇ ಹಾಳು ಮಾಡಿದೆ ಅಂತ ಅದರಲ್ಲಿ ಗೊತ್ತಾಗಿಬಿಟ್ರೆ?”

ಇಬ್ಬರೂ ಆ ಸಂಜೆ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದರು. ಕೇಳಿ ಕೇಳಿ ಸವೆಸದೇ ಇಟ್ಟದ್ದರಿಂದಲೇ ಆ ಟೇಪು ಉಳಿಯಿತು ಅನ್ನುವುದು ಅವಳಿಗೆ ಹೊಳೆದದ್ದು ಶನಿವಾರ, ಯಾರದೋ ಪ್ಯಾಂಟಿಗೆ ಇಸ್ತ್ರಿ ಹಾಕುವಾಗ. ಹೊಳೆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ.

ಕುಟ್ಟಮ್ಮ ಹೇಳಿಕಳಿಸಿದ್ದರಿಂದ ಭಾನುವಾರ ಮಧ್ಯಾಹ್ನ ಸ್ಟೆನೋ ಮೇಡಂ ಐವತ್ತಾರು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಕೋರ್ಟಿನ ಕಾಲದ ಟೇಪ್ ಯಂತ್ರ. ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ಒತ್ತಿ ನಡೆಸುವಂಥದ್ದು. “ಇಷ್ಟು ಹಳೇ ಟೇಪು ಒಂದು ಸಲ ಓಡಿ ಎರಡನೇ ಸಲಕ್ಕೆ ತುಂಡಾದ್ರೂ ಆಯ್ತು. ಫೋನಿನಲ್ಲಿ ರೆಕಾರ್ಡ್ ಹಾಕಿಡ್ತೀನಿ. ಯಾರೂ ಕೆಮ್ಮಬೇಡಿ,” ಅಂದರು. ಅಭ್ಯಾಸಬಲ, ನೋಟ್‌ಬುಕ್ಕು ಪೆನ್ಸಿಲನ್ನೂ ತೊಡೆಯ ಮೇಲಿಟ್ಟುಕೊಂಡರು.

ಪ್ಲಾಸ್ಟಿಕ್ ಕಾಗದ ಹರಿದವಳು ಅಕ್ಕನೇ. ಹರಿ ಅಂತ ಕುಟ್ಟಮ್ಮ ಅವಳ ಕೈಗೇ ಕೊಟ್ಟಳು. ಸಡಿಲವಾಗಿದ್ದ ಟೇಪನ್ನು ಪೆನ್ಸಿಲ್ ತೂರಿಸಿ ಬಿಗಿ ಮಾಡಿದರು. ಮೇಡಂ ಕಾಲು ಒತ್ತಿದರು. ಮೊದಲ ಮೂರು ಹಾಡು ಬಂದುಹೋದವು. ಇಪ್ಪತ್ತಾರು ವಯಸ್ಸಿನ ಆ ಹುಡುಗಿಯ ಕೈ ಎಷ್ಟು ಚುರುಕಾಗಿತ್ತು ಅಂತ ಕುಟ್ಟಮ್ಮ ಬೇರೆ ಯಾರದೋ ಹಾಡು ಕೇಳುವ ಹಾಗೆ ಕಿವಿಗೊಟ್ಟಳು. ಆಮೇಲೆ ಸುಯ್ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿ ಉಜ್ಜುವ ಸದ್ದು. ಆಮೇಲೆ ಒಂದು ಹೆಣ್ಣು ದನಿ, ಏದುಸಿರಿನಲ್ಲಿ, ಗಟ್ಟಿಯಾಗಿ:

“ಒಂದು. ಎರಡು. ಮೂರು. ನಾಲ್ಕು. ನಿಲ್ಲು. ಹಿಡ್ಕೊಂಡಿದೀಯ ತಾನೇ?”

“ಹಿಡ್ಕೊಂಡಿದೀನಿ. ನೀನು ನಡಿ.”

“ಮೆಲ್ಲಗೆ ಕಣ್ರೇ,” ಅಂದರು ಅಮ್ಮ.

ಅಕ್ಕನ ಕೈ ಬಾಯಿಗೆ ಹೋಯಿತು. ಟೇಪಿನಲ್ಲಿ ಅದೇ ಅಕ್ಕ ಮತ್ತೆ ಒಂದು ಅಂದಳು, ಆ ಒಂದರ ಮೇಲೆ ಸರಿಯಾಗಿ ಬೇಸ್ ಬಿತ್ತು, ಸೂಟ್‌ಕೇಸ್ ಬಿತ್ತು, ಕೀಬೋರ್ಡ್ ಬಿತ್ತು. ಅಕ್ಕನ ಎಣಿಕೆಯನ್ನೇ ಸುತ್ತಿ ಸುತ್ತಿ ಹಾಕಿ ಅದರ ಮೇಲೆ ಇಡೀ ಹಾಡು ಕಟ್ಟಿದ್ದಳು ಈ ಮಹಾರಾಯ್ತಿ, ಕಟ್ಟಿ ಮರೆತುಬಿಟ್ಟಿದ್ದಳು. ‘ಮೂರನೇ ಮಹಡಿ ನಮ್ಮದು, ಮುರಿದ ಸೊಂಟ ಅಮ್ಮಂದು, ಎಣಿಸೋ ಬಾಯಿ ಅಕ್ಕಂದು, ನಡುಗೋ ಕಾಲು ನಂದು.’ ಅಲ್ಲಿಂದ ಹಾಡು ಹತ್ತಿ ಹತ್ತಿ, ಊರಿನ ಸ್ಟೆನೋಗಳಿಗೆಲ್ಲ ಗೊತ್ತಿದ್ದ ಆ ನಾಲ್ಕು ನಿಮಿಷಕ್ಕೆ ಬಂದು ಸೇರಿತು. ಇನ್ನೊಂದೇ ಒಂದು ಮೆಟ್ಟಿಲು, ಅಕ್ಕಾ, ಇನ್ನೊಂದೇ ಒಂದು. ಅಕ್ಕ ನೈಟಿಯ ತುದಿಯಲ್ಲಿ ಕಣ್ಣು ಒರೆಸಿಕೊಂಡು ಒರೆಸಿಕೊಂಡು ಸೋತಳು. ಅಳುವುದಕ್ಕೆ ಅವಳಿಗೆ ಅಭ್ಯಾಸವಿರಲಿಲ್ಲ.

ಟೇಪು ಕಟಕ್ಕೆಂದು ನಿಂತಿತು. ಸ್ಟೆನೋ ಮೇಡಂ ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ಕನ್ನಡಕ ಸರಿಮಾಡಿಕೊಂಡು ನೋಟ್‌ಬುಕ್ಕು ಎತ್ತಿದರು. ಹಾಡು ಓಡುವಷ್ಟು ಹೊತ್ತೂ ಅವರ ಕೈ ಗೀಚುತ್ತಲೇ ಇತ್ತು. ಇಪ್ಪತ್ತೈದು ವರ್ಷ ಕೋರ್ಟಿನಲ್ಲಿ ಓದಿದ ಹಾಗೆಯೇ, ದನಿಯಲ್ಲಿ ಏರಿಳಿತವಿಲ್ಲದೆ, ಓದಿ ಹೇಳಿದರು.

“ಪ್ರಶ್ನೆ: ಹಿಡ್ಕೊಂಡಿದೀಯ ತಾನೇ? ಉತ್ತರ: ಹಿಡ್ಕೊಂಡಿದೀನಿ, ನೀನು ನಡಿ.” ತಲೆಯೆತ್ತಿ ಅಕ್ಕನನ್ನು ನೋಡಿದರು. “ಸರಿಯಾಗಿದೆಯಾ ಅಮ್ಮ?”

“ಸರಿಯಾಗಿದೆ,” ಅಂದಳು ಅಕ್ಕ. “ಇವತ್ತಿನವರೆಗೂ ಬಿಟ್ಟಿಲ್ಲ ಅವಳು. ಅದನ್ನೂ ಬರ್ಕೊಳ್ಳಿ.”

ಮೇಡಂ ಬರೆದುಕೊಂಡರು. ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತೇ ಇದ್ದ ಕುಟ್ಟಮ್ಮ ಬಂದು ಅಕ್ಕನ ಪಕ್ಕ ಕೂತಳು. ಅವಳು ದಿನಾ ಕೂರುವ ಆರು ಗಂಟೆ ಇನ್ನೂ ಆಗಿರಲಿಲ್ಲ.